ಸವೆದ ಕ್ಲಿಪ್ಪು

ಹೊಲಿಗೆ ಕೋಣೆಯಿಂದ,
ನವೆಂಬರ್ ೯, ಭಾನುವಾರ

ಮುದ್ದು ಮಗಳೇ,

ಹೇಗಿದ್ದೀಯ? ಭುಜದ ನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಟೀ ಕುಡಿದೇ ದಿನ ದೂಡುತ್ತೀಯೋ? ನನ್ನ ಮಂಡಿ ಪರವಾಗಿಲ್ಲ. ನಿಮ್ಮಪ್ಪ ದಿನವಿಡೀ ಕನ್ನಡಕ ಹುಡುಕುತ್ತಾ ಆರೋಗ್ಯವಾಗಿದ್ದಾರೆ.

ನೀನು ಕೆಲಸಕ್ಕೆ ಇಳಿಯುವ ಹಗ್ಗದಿಂದ ಬಿಚ್ಚಿ, ಹಳೆಯದೆಂದು ಕೊಟ್ಟುಹೋದ ಲೋಹದ ಬಳೆಯಂಥ ಕ್ಲಿಪ್ಪಿಗೆ ನನ್ನ ಕತ್ತರಿಗಳನ್ನು ನೇತುಹಾಕಿದ್ದೆನಲ್ಲ, ಕಳೆದ ವಾರ ಅದರ ಪುಟ್ಟ ಬಾಗಿಲು ತೆರೆದರೆ ತಾನಾಗಿ ಮುಚ್ಚದಾಯಿತು. ಬಿಸಿನೀರು, ಸೋಪು ಹಾಕಿ ಉಜ್ಜಿ, ಒಳಗಿನ ಸ್ಪ್ರಿಂಗಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟೆ. ಟಕ್ಕೆಂದು ಮುಚ್ಚಿತು. ನಲವತ್ತು ವರ್ಷ ಹುಕ್ಕು, ಗುಂಡಿ ಹೊಲಿದವಳು ನಾನು. ಆ ಸದ್ದಿಗೆ ಮರುಳಾಗಿ ಹತ್ತು ಸಲ ತೆರೆದು ಮುಚ್ಚಿದೆ. ಆಗ ಒಳಬದಿಯಲ್ಲಿ ಒಂದು ತಗ್ಗು ಬೆರಳಿಗೆ ತಗಲಿತು, ಉಗುರು ಕೂರುವಷ್ಟು. ಅಷ್ಟು ಗಟ್ಟಿ ಲೋಹವನ್ನು ತೇದದ್ದು ಯಾವುದು? ನಿದ್ದೆಗೆಡುವ ಬದಲು ಅದನ್ನು ಚೀಲಕ್ಕೆ ಹಾಕಿಕೊಂಡು, ಮಾರುಕಟ್ಟೆಯ ಹಿಂದೆ ಗೋಡೆ ಹತ್ತಲು ಕಲಿಸುತ್ತಾರಲ್ಲ, ಅಲ್ಲಿಗೇ ಹೋದೆ.

ಅಲ್ಲಿಯ ಟೀಚರಮ್ಮ ನಗಲಿಲ್ಲ. ತೇದದ್ದು ಹಗ್ಗವಂತೆ, ಧೂಳು ಹಿಡಿದ ಹಗ್ಗ. ತಗ್ಗಿನ ಅಂಚು ಹರಿತವಾದರೆ ಅದೇ ಹಗ್ಗವನ್ನು ಕೊಯ್ಯಬಹುದಂತೆ. ಉದ್ದಕ್ಕೆ ಎಳೆದರೆ ಕಾರಿನ ಭಾರ ತಡೆಯುವ ಕ್ಲಿಪ್ಪು, ಅಡ್ಡಕ್ಕೆ ತಿರುಗಿದರೆ ಇಲ್ಲವೇ ಬಾಗಿಲು ತೆರೆದಿದ್ದರೆ, ಅದರ ಮೂರರಲ್ಲೊಂದು ಪಾಲೂ ತಡೆಯುವುದು ಕಷ್ಟ. ಬಾಗಿಲಿನ ಮೇಲೆ ಅದು ತೆರೆಯದಂತೆ ಬಿಗಿಯುವ ತಿರುಪು ಇರುವುದು ಅದಕ್ಕೇ. ತಗ್ಗನ್ನು ಬೆಳಕಿಗೆ ಹಿಡಿದು ಅವಳು, “ಸರಿಯಾದ ಹೊತ್ತಿಗೆ ತೆಗೆದಿಟ್ಟಿದ್ದಾರಮ್ಮ. ನೋಡಿಕೊಂಡು ಕೆಲಸ ಮಾಡೋರು,” ಎಂದಳು. ಅದು ನನ್ನ ಮಗಳೆಂದು ಹೇಳುವ ಬದಲು ಕ್ಲಿಪ್ಪನ್ನು ವಾಪಸು ಪಡೆದು ಚೀಲಕ್ಕೆ ಹಾಕಿದೆ.

ಆಮೇಲೆ ನನಗೇನಾಯಿತೋ, “ನನ್ನನ್ನೂ ಒಂದ್ಸಲ ಎತ್ತು,” ಎಂದೆ. ಸೊಂಟಕ್ಕೆ ಪಟ್ಟಿ ಕಟ್ಟಿ ಎರಡಾಳೆತ್ತರ ಎತ್ತಿದರು. ಕಾಲು ನೆಲ ಬಿಟ್ಟಾಗ ಪಟ್ಟಿಯ ಕ್ಲಿಪ್ಪಿನ ತಿರುಪು ಬಿಗಿಯಾಗಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡ ಮೇಲೆ ಸುತ್ತ ಕಣ್ಣಾಡಿಸಿದೆ. ಕಿಟಕಿಯ ಮೇಲಂಚಿನಲ್ಲಿ ರಾಶಿ ಧೂಳು ಕಂಡು, ಬಟ್ಟೆಯಿದ್ದರೆ ಕೊಡಿ ಎಂದೆ. ಮೂವತ್ತು ಮಹಡಿಯ ಗಾಜು ಒರೆಸಲು ನೀನು ಮೊದಲ ಸಲ ಹಗ್ಗದಲ್ಲಿ ಇಳಿದ ದಿನ ನಿನಗೆ ಏನು ಕಂಡಿತು? ಆರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಬರೆ.

ಅಪ್ಪನ ಹಾರೈಕೆಯನ್ನೂ ಸೇರಿಸಿ ಹರಸುವ,
ನಿನ್ನ ಅಮ್ಮ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ: ನಿನ್ನನ್ನು ಹಗ್ಗದಿಂದ ಇಳಿಸಿ ಸ್ಟೋರ್ ರೂಮಿನಲ್ಲಿ ಕೂರಿಸಿದ್ದು ಯಾರ ಮಾತು ಕೇಳಿ ಎಂದು ನೀನು ಹೋದ ಕಾಗದದಲ್ಲಿ ಕೇಳಿದ್ದೆಯಲ್ಲ. ನನ್ನ ಮಾತು ಕೇಳಿ. ನಿನಗೆ ತಲೆಸುತ್ತು ಬರುತ್ತದೆಂದು ನಿನ್ನ ಮೇಲ್ವಿಚಾರಕರಿಗೆ ಬರೆದವಳು ನಾನೇ. ಅದು ಸುಳ್ಳೆಂದು, ಸಹಿ ಹಾಕಿ, ನಿನ್ನೆ ಅವರಿಗೆ ಮತ್ತೆ ಬರೆದಿದ್ದೇನೆ. ಬೈಯುವುದಿದ್ದರೆ ಮನೆಗೆ ಬಂದು ಬೈ.