ಸಾಣೆ ಹಿಡಿದ ಎಂಟು ಗಾಲ್ಫ್ ಕೋಲು

ಕಲಬುರಗಿ
ಶರಣಬಸವೇಶ್ವರ ಗುಡಿಯ ಹಿಂದಿನ ಓಣಿ
ಗುರುವಾರ, ೨೩ ಫೆಬ್ರವರಿ ೧೯೫೦

ಪ್ರೀತಿಯ ಮಗಳು ಕಸ್ತೂರಿಗೆ ನಿನ್ನ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀ ತಾಯಿ? ಕೆಮ್ಮು ಪೂರ್ತಿ ಹೋಯಿತೋ, ಇಲ್ಲ ಸಂಜೆ ಹೊತ್ತು ಇನ್ನೂ ಕಾಡುತ್ತದೆಯೋ? ಸಿಕಂದರಾಬಾದಿನ ನಳದ ನೀರು ನಿನಗೆ ಒಗ್ಗಿಲ್ಲ ಎಂದೇ ನನ್ನ ಅನುಮಾನ. ಜೀರಿಗೆ ಹಾಕಿ ಕಾಸಿ ಕುಡಿ. ನಿನ್ನ ಅವ್ವ ಇದ್ದಿದ್ದರೆ ಇಷ್ಟು ಹೊತ್ತಿಗೆ ಜೀರಿಗೆಯ ಗಂಟನ್ನೇ ಕಟ್ಟಿ ಕಳಿಸುತ್ತಿದ್ದಳು. ನಾನು ಬರೀ ಮಾತು ಕಳಿಸುತ್ತಿದ್ದೇನೆ. ಅಳಿಯಂದಿರು ಕ್ಷೇಮವೇ? ನನ್ನ ಹೆಲ್ತ್ ಫಸ್ಟ್ ಕ್ಲಾಸ್, ಮೊಣಕಾಲು ಮಾತ್ರ ಥರ್ಡ್ ಕ್ಲಾಸ್. ರೊಟ್ಟಿ ಈಗ ದುಂಡಗೆ ಬರುತ್ತಿದೆ. ನೀನು ನಂಬುವುದಿಲ್ಲವೆಂದು ಗೊತ್ತು, ಬೇಕಾದರೆ ಜಹೀರನನ್ನು ಕೇಳು.

ಜಹೀರ ಎಂದಾಗ ನೆನಪಾಯಿತು. ನೆನಪಾಗುವುದೇನು, ಈ ಪತ್ರ ಬರೆಯಲು ಕುಳಿತಿರುವುದೇ ಅವನ ಸಲುವಾಗಿ, ಅಕ್ಷರಗಳು ಓಡುತ್ತಿವೆ, ಕ್ಷಮಿಸು. ಹೋದ ತಿಂಗಳು ಅಳಿಯಂದಿರಿಗೆ ಒಂದು ವಿಚಾರಣೆ ಬರೆದಿದ್ದೆನಲ್ಲ, ಹಳೆಯ ಗಾಲ್ಫ್ ಕೋಲುಗಳಿಗೆ ಅಲ್ಲಿ ಏನು ಬೆಲೆ ಎಂದು? ಅವು ಜಹೀರುದ್ದೀನನವು. ಅಧಿಕಾರಿಗಳ ಕ್ಲಬ್ಬಿನಲ್ಲಿ ಹತ್ತೊಂಬತ್ತು ವರ್ಷ ಆ ಕೋಲುಗಳನ್ನು ಒರೆಸಿದವನು, ಹೊಸದಾಗಿ ಬಂದ ಸಾಹೇಬರಿಗೆ ಅದನ್ನು ಹಿಡಿಯುವುದು ಹೇಗೆ, ಬೀಸುವುದು ಹೇಗೆ ಎಂದು ಕಲಿಸಿದವನು ಅವನೇ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಸಾಹೇಬರು ಹೋದರು, ಕ್ಲಬ್ಬಿಗೆ ಬೀಗ ಬಿತ್ತು, ಆಡುವ ಬಯಲಿನಲ್ಲಿ ಈಗ ಯಾರೋ ಜೋಳ ಬಿತ್ತಿದ್ದಾರೆ. ಹೊರಡುವಾಗ ಒಬ್ಬ ಸಾಹೇಬ ತನ್ನ ಚರ್ಮದ ಚೀಲವನ್ನು ಕೋಲುಗಳ ಸಮೇತ ಇವನ ಹೆಗಲಿಗೆ ಹಾಕಿ ಹೋದ. ಎಂಟು ಕೋಲಿಗೆ ಕಬ್ಬಿಣದ ತಲೆ, ಮೂರಕ್ಕೆ ಕಟ್ಟಿಗೆಯ ತಲೆ. ಮೋಮಿನಪುರದ ಅವನ ಮನೆಯ ಮೂಲೆಯಲ್ಲಿ ಒಂದೂವರೆ ವರ್ಷ ಅವು ತುಕ್ಕು ಹಿಡಿಯುತ್ತ ನಿಂತವು, ಅವನು ಕೆಲಸವಿಲ್ಲದೆ ಅವುಗಳ ಎದುರು ಕುಳಿತ.

ಅಳಿಯಂದಿರ ಉತ್ತರ ಬಂತು: ದಂಡಿನ ಒಬ್ಬ ಮೇಜರ ಸಾಹೇಬರು ಪೂರ್ತಿ ಸೆಟ್ಟಿಗೆ ನೂರಿಪ್ಪತ್ತು ರೂಪಾಯಿ ಕೊಡುತ್ತಾರೆ, ಅದೂ ಕಲ್ದಾರ, ಹಿಂದುಸ್ತಾನದ ರೂಪಾಯಿ, ನಮ್ಮ ನಿಜಾಮರ ಹಾಲಿ ಸಿಕ್ಕಾ ಅಲ್ಲ, ತುಕ್ಕು ತೆಗೆಸಿರಬೇಕು, ಆಕಾರ ಕೆಟ್ಟಿರಬಾರದು. ನಿನಗೆ ಆ ಪತ್ರದ ಅರ್ಥ ಇಷ್ಟೇ ಗೊತ್ತು. ನಮಗೆ ಇಲ್ಲಿ ಅದರ ಅರ್ಥ ಬೇರೆ ಇತ್ತು. ಜಹೀರನ ಹೆಂಡತಿ ಮೆಹರುನ್ನಿಸಾಳ ಅಣ್ಣ ಮಂಜೂರ್ ಕರಾಚಿಗೆ ಹೋಗಿ ನೆಲೆಸಿದ್ದಾನೆ, ಬಾ ಬಾ ಎಂದು ಬರೆಯುತ್ತಲೇ ಇದ್ದಾನೆ. ಗಂಡ, ಹೆಂಡತಿ, ಎರಡು ಮಕ್ಕಳು, ಮುಂಬಯಿತನಕ ರೈಲು, ಅಲ್ಲಿಂದ ಹಡಗು, ಎಲ್ಲ ಸೇರಿ ನೂರಾ ಹದಿನಾರು ಕಲ್ದಾರ. ಪತ್ರ ಓದಿ ಮುಗಿಸಿದಾಗ ಜಹೀರ ನನ್ನ ಮುಖ ನೋಡಲಿಲ್ಲ. "ಹೋಗಬೇಕಂತೇನಿಲ್ಲ ಸಾಯಬಣ್ಣ ಭಾಯಿ, ಆದ್ರ ಇಲ್ಲಿ ಕುಂತು ಮಾಡೂದರೆ ಏನು?" ಎಂದ. ನಿನ್ನ ಅವ್ವ ಹೋದ ದಿನದಿಂದ ಒಂದು ಸಂಜೆಯೂ ತಪ್ಪದೆ ಬಂದು ನನಗೆ ಉರ್ದು ಪತ್ರಿಕೆ ಓದಿ ಹೇಳುವವನು ಅವನು. ಅವನು ಓದುತ್ತಾನೆ, ನಾನು ತಪ್ಪು ತೆಗೆಯುತ್ತೇನೆ. ಪೊಲೀಸ್ ಆ್ಯಕ್ಷನ್ನಿನ ಹಿಂದುಮುಂದಿನ ಗದ್ದಲದ ದಿನಗಳಲ್ಲಿ ಮೊದಲು ಅವನು ನಮ್ಮ ಬಾಗಿಲು ಕಾದ, ಆಮೇಲೆ ನಾವು ಅವನ ಬಾಗಿಲು ಕಾದೆವು. ಅದು ನಿನಗೂ ಗೊತ್ತು, ನಾನೂ ಜಹೀರನೂ ಆ ಮಾತೆತ್ತುವುದಿಲ್ಲ.

ಇರಲಿ. ತುಕ್ಕು ತೆಗೆಸುವ ಕೆಲಸ ನಾನು ವಹಿಸಿಕೊಂಡೆ. ಊರಲ್ಲಿ ಕಂಬಾರರಿಲ್ಲವೇ ಎಂದು ನೀನು ಕೇಳಬಹುದು. ಕಮಲಾಪುರದ ದತ್ತಪ್ಪನ ಕೈ ನಿನ್ನ ಅವ್ವನ ತವರಿನವರಿಗೆ ಮೂರು ತಲೆಮಾರಿನಿಂದ ನಂಬಿಕೆಯ ಕೈ. ಆಕೆಯ ಈಳಿಗೆ ಕೂಡ ಅಲ್ಲಿಗೇ ಹೋಗುತ್ತಿತ್ತು. ರವಿವಾರ ಎಂಟು ಕಬ್ಬಿಣದ ಕೋಲು ಕಟ್ಟಿಕೊಂಡು ಸರ್ವೀಸ್ ಮೋಟಾರಿನಲ್ಲಿ ಹೋದೆ. ಕಂಡಕ್ಟರ್ ಅವನ್ನು ನೋಡಿ "ಯಾವ ಊರಾಗ ಬಡದಾಟ ಐತ್ರೀ ಮಾಮಾ?" ಎಂದು ಕೇಳಿದ. ದತ್ತಪ್ಪನ ಮುಂದೆ ಗಂಟಿಟ್ಟು "ತುಕ್ಕು ತೆಗಿಯಪ್ಪಾ" ಎಂದು ಹೇಳಿ ಎದುರಿನ ಅಂಗಡಿಗೆ ಚಹಕ್ಕೆ ಹೋದೆ. ತಿರುಗಿ ಬಂದು ನೋಡಿದರೆ ಎಂಟಕ್ಕೆ ಎಂಟೂ ಸಾಣೆ ಹಿಡಿದು ಇಟ್ಟಿದ್ದಾನೆ! ಕುಡುಗೋಲಿನಂತೆ ಬಾಯಿ ಫಳಫಳ! "ಸಾಹೇಬ್ರ ಬಾಳಿತೋಟದ ಸಾಮಾನು ಅಂತ ತಿಳಕೊಂಡೆ ನೋಡ್ರಿ. ಬಾಯಿ ಮೊಂಡಾಗಿದ್ವು. ಮೊಂಡ ಕಬ್ಬಿಣ ನಮ್ಮ ಕುಲಿಮಿಯಿಂದ ಹೊರಗ ಹೋಗಂಗಿಲ್ಲ, ನಮ್ಮಪ್ಪ ಹಾಕಿದ ರೂಢಿ. ಮಸದಿದ್ದಕ್ಕ ರೊಕ್ಕ ಬ್ಯಾಡ್ರಿ" ಎಂದ. ಅವನದೇನು ತಪ್ಪು? ಸುತ್ತ ನಾಲ್ಕು ಹರದಾರಿ ಬರೀ ಕೆಂಪು ಬಾಳೆ. ಉದ್ದ ಹಿಡಿಯ, ಬಾಗಿದ ಬಾಯಿಯ ಕಬ್ಬಿಣ ಕಂಡರೆ ಅವನಿಗೆ ಇನ್ನೇನು ಹೊಳೆಯಬೇಕು!

ಕಾಲೇಜಿನಲ್ಲಿ ಎಕನಾಮಿಕ್ಸ್ ಮಾಸ್ತರರು ಎರಡು ಥರದ ವ್ಯಾಲ್ಯೂ ಹೇಳಿದ್ದರು, ವ್ಯಾಲ್ಯೂ ಇನ್ ಯೂಸ್, ವ್ಯಾಲ್ಯೂ ಇನ್ ಎಕ್ಸ್‌ಚೇಂಜ್. ನೀರು ಒಂದಕ್ಕೆ ಉದಾಹರಣೆ, ವಜ್ರ ಇನ್ನೊಂದಕ್ಕೆ. ಯಾವುದು ಯಾವುದಕ್ಕೆ ಎಂದು ಪರೀಕ್ಷೆಯಲ್ಲೂ ತಪ್ಪಿ ಬರೆದಿದ್ದೆ, ಆ ಮೋಟಾರಿನಲ್ಲಿ ತಿರುಗಿ ಬರುವಾಗಲೂ ಗೊಂದಲವೇ. ಒಂದು ಮಾತ್ರ ಖಚಿತವಿತ್ತು: ಮೇಜರ ಸಾಹೇಬರ ನೂರಿಪ್ಪತ್ತು ಕೈ ಬಿಟ್ಟಿತು. ಸೋಮವಾರ ಜಹೀರನ ಮುಂದೆ ಗಂಟು ಬಿಚ್ಚಿದೆ. ಅವನು ಒಂದರ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದ, ರಕ್ತ ಬಂತು. ಬೆರಳು ಬಾಯಲ್ಲಿಟ್ಟುಕೊಂಡ. ಮೆಹರುನ್ನಿಸಾ ಒಳಗಿನಿಂದ "ಕ್ಯಾ ಹುವಾ ಜೀ?" ಎಂದು ಕೇಳಿದಳು. ಜಹೀರ ಎದ್ದ. "ನಡೀರಿ, ಆ ಕಂಬಾರನ್ನ ನಾ ಒಮ್ಮೆ ನೋಡಬೇಕು" ಎಂದ.

ಮಂಗಳವಾರ ಇಬ್ಬರೂ ಕೋಲಿನ ಗಂಟು ಹೊತ್ತು ಕಮಲಾಪುರಕ್ಕೆ ಹೋದೆವು. ಈಗ ಕೇಳು ಕಸ್ತೂರಿ, ನಿಜವಾದ ಸುದ್ದಿ ಇಲ್ಲಿಂದ! ಜಹೀರ ಕುಲುಮೆಯ ಮುಂದೆ ನಿಂತು ಬೈಯಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ಗುಂಡಮ್ಮ ಬಂದಳು. ಎರಡೆಕರೆ ಬಾಳೆ ಆಕೆಯದು, ಬಾಗಿದ ಸೊಂಟ ಏಳು ವರ್ಷದಿಂದ ನೆಟ್ಟಗಾಗಿಲ್ಲ. ಬಾಳೆಯ ಬುಡಕ್ಕೆ ಏಳುವ ಮರಿಗಳನ್ನು ಬಗ್ಗಿ ಬಗ್ಗಿ ಕೊಯ್ದು ಆದದ್ದು ಅದು. ಆಕೆ ಜಹೀರನ ಕೈಯಿಂದ ಒಂದು ಕೋಲು ಕಸಿದುಕೊಂಡು ಪಕ್ಕದ ತೋಟಕ್ಕೆ ನಡೆದಳು, ನಾವು ಹಿಂದೆ ಹಿಂದೆ. ನಿಂತಲ್ಲೇ ನಿಂತು ಬೀಸಿದಳು, ಕೋಲು ಮಣ್ಣಿಗೆ ನಾಟಿತು. ಆಗ ನಮ್ಮ ಜಹೀರ, ಬೈಯಲು ಬಂದವನು, ತಡೆಯಲಾರದೆ ಹೋದ. "ಹಂಗಲ್ರೀ ಅಮ್ಮಾ! ಎರಡೂ ಕೈ ಸೇರಿಸಿ ಹಿಡೀರಿ. ಮಣಕಾಲ ಸ್ವಲ್ಪ ಸಡಲ ಬಿಡ್ರಿ. ಕಣ್ಣ ಮರೀ ಮ್ಯಾಲಿರಲಿ, ನನ್ನ ಮಾರಿ ಮ್ಯಾಲಲ್ಲ!" ಗುಂಡಮ್ಮ "ನಿನ್ನ ಮಾರಿ ನೋಡೂವಂಥದೇನೈತೋ ತಮ್ಮಾ" ಎಂದವಳೇ ಮತ್ತೆ ಬೀಸಿದಳು. ಬಾಳೆಯ ಮರಿ ಬುಡಕ್ಕೇ ತುಂಡಾಗಿ ಎರಡು ಮಾರು ದೂರ ಹೋಗಿ ಬಿತ್ತು!

ಅವತ್ತಿನ ಸಂತೆಗೆ ಬಂದ ಜನವೆಲ್ಲ ತೋಟದ ಬದುವಿಗೆ ಬಂದು ನಿಂತರು. ಒಬ್ಬೊಬ್ಬರಾಗಿ ಕೋಲು ಹಿಡಿದರು, ಜಹೀರ ಒಬ್ಬೊಬ್ಬರ ಮೊಣಕೈ ತಿದ್ದಿದ. ಸಾಹೇಬರಿಗೆ ಕಲಿಸುತ್ತಿದ್ದಾಗ ತಲೆ ತಗ್ಗಿಸಿ ನಿಲ್ಲುತ್ತಿದ್ದನಂತೆ. ಇಲ್ಲಿ ಗದರಿಸುತ್ತಿದ್ದ, ನಗುತ್ತಿದ್ದ. ಬೆಲೆ ಐದರಿಂದ ಶುರುವಾಗಿ ಒಂಬತ್ತಕ್ಕೆ ನಿಂತಿತು. ಎಂಟು ಕೋಲು, ಎಪ್ಪತ್ತೆರಡು ರೂಪಾಯಿ ಹಾಲಿ. ಕಲ್ದಾರಕ್ಕೆ ತಿರುಗಿಸಿದರೆ ಅರವತ್ತೊಂದು ಚಿಲ್ಲರೆ. ಅಷ್ಟೇ ಅಲ್ಲ, ಸಿಗದೆ ಹೋದವರು ಮುಂದಿನ ಸಂತೆಗೆ ಅಂಥವೇ ಹನ್ನೊಂದು ಬೇಕೆಂದು ಹೇಳಿಟ್ಟರು! ದತ್ತಪ್ಪ ಕಬ್ಬಿಣದ ಬಾಯಿ ಬಡಿದು ಕೊಡುತ್ತಾನೆ, ಜಹೀರ ಮೋಮಿನಪುರದ ಬಡಿಗನಿಂದ ಹಿಡಿ ಮಾಡಿಸಿ ಕೂರಿಸುತ್ತಾನೆ, ಹಿಡಿಯುವುದನ್ನು ಕಲಿಸಿ ಮಾರುತ್ತಾನೆ. ಮೋಟಾರಿನಲ್ಲಿ ನನಗೆ ಹೇಳಿದ, "ಹತ್ತೊಂಬತ್ತು ವರ್ಷ ಇವನ್ನ ಒರಸೀನಿ ಭಾಯಿ. ಇವು ಯಾರದರೆ ಹೊಟ್ಟಿ ಪಾಡಿಗೆ ಬಂದದ್ದು ಇವತ್ತ ನೋಡಿದೆ." ಹಡಗಿಗೆ ಎಪ್ಪತ್ತೆರಡು ಸಾಲುವುದಿಲ್ಲ. ಕಬ್ಬಿಣಕ್ಕೆ ಸಾಲುತ್ತದೆ. ಅವನು ಹೋಗುತ್ತಿಲ್ಲ ಮಗಳೇ, ಹೋಗುತ್ತಿಲ್ಲ!

ಮೇಜರ ಸಾಹೇಬರಿಗೆ ಸೆಟ್ಟು ಕೆಟ್ಟಿತು, ವೆರಿ ಸಾರಿ ಎಂದು ಅಳಿಯಂದಿರು ತಿಳಿಸಲಿ. ಕಟ್ಟಿಗೆ ತಲೆಯ ಮೂರು ಉಳಿದಿವೆ, ಬೇಕಾದರೆ ಪುಕ್ಕಟೆ ಕಳಿಸುತ್ತೇವೆ. ಅಳಿಯಂದಿರಿಗೆ ನನ್ನ ಶರಣು ಹೇಳು. ನೀನು ಹಾಲು ಬಿಡಬೇಡ. ಯುಗಾದಿಗೆ ಬಾ, ನನ್ನ ದುಂಡನೆಯ ರೊಟ್ಟಿ ತಿಂದು ಹೋಗುವಿಯಂತೆ. ಶರಣಬಸವ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಸಾಯಬಣ್ಣ

ತಾ. ಕ. ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ರವಿವಾರ ನಾನು ಚಹಕ್ಕೆ ಹೋಗಿರಲಿಲ್ಲ. ಕುಲುಮೆಯ ಮುಂದೆಯೇ ಕುಳಿತಿದ್ದೆ. ದತ್ತಪ್ಪ ಮೊದಲನೆಯದನ್ನು ಸಾಣೆಗೆ ಹಿಡಿದಾಗ ತಡೆಯಲಿಕ್ಕೆ ಬಾಯಿ ತೆರೆದೆ. "ಏನ್ರೀ?" ಎಂದ. "ಏನಿಲ್ಲಪ್ಪಾ" ಎಂದೆ. ಉಳಿದ ಏಳಕ್ಕೆ ಬಾಯಿಯನ್ನೇ ತೆರೆಯಲಿಲ್ಲ. ಬಾಳೆಯ ವಿಷಯ ಆಗ ನನಗೆ ಹೊಳೆದೇ ಇರಲಿಲ್ಲ, ಗುಂಡಮ್ಮ ಬರುತ್ತಾಳೆಂದು ಗೊತ್ತೂ ಇರಲಿಲ್ಲ. ನೂರಿಪ್ಪತ್ತು ಹೋಗಲಿ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ನಿನ್ನೆ ಮೆಹರುನ್ನಿಸಾ ಕಟ್ಟಿಟ್ಟ ಟ್ರಂಕು ಬಿಚ್ಚಿ ಪಾತ್ರೆಗಳನ್ನು ತಿರುಗಿ ಗೋಡೆಯ ಮಾಡದಲ್ಲಿ ಜೋಡಿಸುತ್ತಿದ್ದಳು. ನನಗೆ ಚಹ ಕೊಟ್ಟಳು, ಕಣ್ಣು ಕೆಂಪಾಗಿದ್ದವು. ಆಕೆಗೆ ಇರುವವನು ಒಬ್ಬನೇ ಅಣ್ಣ. ಅವರಿಗೆ ನಾನು ಹೇಳಬೇಕೋ ಬೇಡವೋ, ಅದನ್ನು ನೀನೇ ತೀರ್ಮಾನಿಸು. ಹೇಳು ಎಂದು ನೀನು ಬರೆದರೆ ಪತ್ರ ಮುಟ್ಟಿದ ದಿನವೇ ಮೋಮಿನಪುರಕ್ಕೆ ಹೋಗಿ ಹೇಳಿಬಿಡುತ್ತೇನೆ. ಆದರೆ ಅವಸರವೇನಿಲ್ಲ ತಾಯಿ, ಸಾವಕಾಶವಾಗಿ ಬರೆ.