ಹಳದಿಗೆ ಅಂಟಿಸಿದ ಬಾಲ

ಆಯ್ವಾಜಿಕ್ ಬಳಿಯ ನಮ್ಮ ಹಳ್ಳಿಯಿಂದ,
ನವೆಂಬರ್ 4, 1986

ನನ್ನ ಮುದ್ದು ನಿಲ್ಗುನ್,

ನಿನ್ನ ಎರಡೂ ಕಣ್ಣುಗಳಿಗೆ ಮುತ್ತು. ನಿಮ್ಮಪ್ಪನೂ ಮುತ್ತು ಕಳಿಸಿದ್ದಾರೆ. ನಿನ್ನ ಹಾನಿಫೆ ಅತ್ತೆ ಮೂರು ಕಳಿಸಿದ್ದಾಳೆ. ಅಣ್ಣನ ಮಗಳ ವಿಷಯದಲ್ಲಿ ಅವಳದು ಯಾವಾಗಲೂ ಒಂದು ಕೈ ಜಾಸ್ತಿ. ಇದಾದ ಮೇಲೆ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ.

ಬೇಸಿಗೆ ಮುಗಿದಾಗಿನಿಂದ ಅಂಗಡಿಯ ಫೋನಿನಲ್ಲಿ ನಿನಗೆ ಹೇಳುತ್ತ ಬಂದದ್ದು ನೆನಪಿರಬೇಕು. ಅಪ್ಪ ತುಸು ಸಣ್ಣಗಾದ ಹಾಗಿದ್ದಾರೆ, ಊಟ ಸ್ವಲ್ಪ ಕಡಿಮೆ, ಮೈಬಣ್ಣ ಒಂಥರಾ ಹಳದಿಹಳದಿ. ಬುರ್ಸಾದ ಶಾಲೆಯಲ್ಲಿ ನೀನು ಮಕ್ಕಳಿಗೆ ಕಲಿಸುವ ಪಾಠವೇ ಇದು. 'ಸಾರಿ' ಎಂದರೆ ಹಳದಿ. ಅದಕ್ಕೊಂದು ಬಾಲ ಅಂಟಿಸಿ 'ಸಾರಿಮ್‌ತ್ರಾಕ್' ಎಂದರೆ ಹಳದಿ ಹೌದೋ ಅಲ್ಲವೋ ಎಂಬಷ್ಟು. ಕಹಿಗೆ, ಹುಳಿಗೆ, ಕಪ್ಪಿಗೆ, ಎಲ್ಲಕ್ಕೂ ನಮ್ಮವರು ಇಂಥ ಬಾಲ ಹಚ್ಚಿ ಮಾತಾಡುತ್ತಾರೆ, ಕೇಳುವವರಿಗೆ ಚುಚ್ಚದಿರಲಿ ಎಂದು. ಅಂಗಡಿಯಲ್ಲಿ ಫೋನು ಒಂದು, ಕಿವಿಗಳು ಹತ್ತು. ಬಾಲವಿಲ್ಲದ ಮಾತನ್ನು ಅಲ್ಲಿ ಹೇಗೆ ಆಡಲಿ?

ವಿಷಯ ಇಷ್ಟೇ. ಪಟ್ಟಣದ ಡಾಕ್ಟರು ನನ್ನನ್ನೂ ಹಾನಿಫೆಯನ್ನೂ ಒಳಗೆ ಕರೆದು, ಹೊಟ್ಟೆಯಲ್ಲಿ ಗಡ್ಡೆಯಿದೆ, ಕೊಯ್ದು ತೆಗೆಯುವ ಹಂತ ದಾಟಿದೆ ಎಂದರು. ಆ ಕಾಯಿಲೆಯ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಅದು ಬಂದವರಿಗಂತೂ ತಿಳಿಸುವುದೇ ಇಲ್ಲ. ನಿಮ್ಮಪ್ಪ ಹೊರಗೆ ಬೆಂಚಿನ ಮೇಲಿದ್ದರು. ಹಾನಿಫೆ ಹೋಗಿ, "ಏನಿಲ್ಲ ಅಣ್ಣಾ, ಪಿತ್ತ ಒಂಚೂರು ಕೆದರಿದೆಯಂತೆ. ಚಳಿ ಬಿದ್ರೆ ತಾನಾಗೇ ಸರಿಹೋಗುತ್ತೆ" ಅಂದಳು. ಅವರು ಟೋಪಿ ಹಾಕಿಕೊಂಡು ಎದ್ದರು.

ಮನೆಗೆ ಬಂದದ್ದೇ ನಾವು ನಾಟಕ ಶುರು ಮಾಡಿದೆವು. ನಾನು ಗೋಡೆಯ ಕನ್ನಡಿ ತೆಗೆದು ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಮನೆಗೇ ಬಂದು ಗಡ್ಡ ಕೆರೆಯುವ ಬಹ್ರಿಗೆ, ಕನ್ನಡಿ ತರಬೇಡ ಎಂದು ಹೇಳಿಟ್ಟೆ. ನಿಮ್ಮಪ್ಪ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ, "ಒಡೆದುಹೋಯ್ತು ಉಸ್ತಾದ್."

"ಹೋದ ವಾರಾನೂ ಒಡೆದಿತ್ತಲ್ಲೋ. ಇಂಥ ಕೈಗೆ ನನ್ನ ಗಂಟಲು ಕೊಟ್ಟು ಕೂತಿದೀನಲ್ಲ, ನನಗೆ ಬುದ್ಧಿ ಇಲ್ಲ" ಎಂದರು ನಿಮ್ಮಪ್ಪ.

ಹಾನಿಫೆಯ ಉಪಾಯವೇ ಬೇರೆ. ಅವಳೂ ನಿಮ್ಮಪ್ಪನ ಹಾಗೆ ನೂಲಿಗೆ ಬಣ್ಣ ಕಟ್ಟುವವರ ಮನೆಯಲ್ಲಿ ಹುಟ್ಟಿದವಳಲ್ಲವೇ, ಹಳದಿಯ ಪಕ್ಕ ಹಳದಿ ಇಟ್ಟರೆ ಮಂಕಾಗುತ್ತದೆ ಎಂದು ಅವಳಿಗೆ ಗೊತ್ತು. ಈರುಳ್ಳಿ ಸಿಪ್ಪೆಯಲ್ಲಿ ಬಣ್ಣ ಕಟ್ಟಿದ ದೊಡ್ಡ ಕಂಬಳಿಯನ್ನು ತಂದು ನಿಮ್ಮಪ್ಪನ ಗದ್ದದ ತನಕ ಹೊದಿಸಿದಳು. ಕಿಟಕಿಗೂ ಹಳದಿ ಪರದೆ ಬಂತು. "ಈಗ್ ನೋಡು ಅತ್ತಿಗೆ, ಹಾಲಿನ ಹಾಗೆ ಕಾಣ್ತಾನೆ" ಎಂದು ಪಿಸುಗುಟ್ಟಿದಳು. ಹಾಲಿನ ಹಾಗೇನೂ ಕಾಣಲಿಲ್ಲ. ಆದರೂ ನೋಡಲು ಬಂದ ನೆರೆಯವರು, ಪರವಾಗಿಲ್ಲ, ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ ಎಂದು ಹೇಳಿ ಚಹಾ ಕುಡಿದು ಹೋಗುವಂತಾಯಿತು.

ಎಡವಿದ್ದು ನಾನು. ಸುಮ್ಮನೆ ಮಲಗಿ ಬೇಜಾರು ಎಂದು ನಿಮ್ಮಪ್ಪ ಗೊಣಗುತ್ತಿದ್ದರು. ಉಂಡೆಯಾದರೂ ಸುತ್ತಲಿ ಎಂದು ಬಣ್ಣ ಹಾಕದ ಬಿಳಿ ಉಣ್ಣೆಯ ಲಡಿಯೊಂದನ್ನು ಕೈಗೆ ಕೊಟ್ಟೆ. ಬೇರೆ ಯಾರ ಗಂಡನಾಗಿದ್ದರೂ ಉಂಡೆ ಸುತ್ತುತ್ತಿದ್ದ. ನೀನು ಬಣ್ಣದ ಅಂಗಳದಲ್ಲೇ ಆಡಿ ಬೆಳೆದವಳು. ಹಂಡೆಯಿಂದ ನೂಲು ಎತ್ತಿದ ಕೂಡಲೇ ನಿಮ್ಮಪ್ಪ ಅದರ ಮೇಲೆ ಒಂದು ಬಿಳಿ ಎಳೆ ಇಟ್ಟು ನೋಡುತ್ತಿದ್ದುದು ನಿನಗೆ ಗೊತ್ತು. ಬಿಳಿ ಪಕ್ಕದಲ್ಲಿಲ್ಲದಿದ್ದರೆ ಬಣ್ಣ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಈ ಬಾಲಗಳು ನಮಗೆ ಮರ್ಯಾದೆಯಾದರೆ ಅವರಿಗೆ ಅಳತೆ. ಒಂದು ಸಲ ಅದ್ದಿದ ನೂಲು ಹಳದಿಹಳದಿ, ಇನ್ನೊಂದು ಸಲ ಅದ್ದಿದರೆ ಹಳದಿ. ನೇಯುವ ಹೆಂಗಸರು ಒಂದನ್ನು ಇನ್ನೊಂದೆಂದರೆ ನಿಮ್ಮಪ್ಪ ಲಡಿಯನ್ನೇ ವಾಪಸು ಕಿತ್ತುಕೊಳ್ಳುತ್ತಿದ್ದರು.

ನಾನು ದಾಳಿಂಬೆ ಬಿಡಿಸಿಕೊಂಡು ಬರುವಷ್ಟರಲ್ಲಿ ಕಂಬಳಿ ನೆಲದ ಮೇಲಿತ್ತು, ಪರದೆ ಪಕ್ಕಕ್ಕೆ ಸರಿದಿತ್ತು. ಅವರು ಕಿಟಕಿಯ ಹತ್ತಿರ ಕೂತು, ತೋಳಿನ ಮೇಲೆ ಬಿಳಿ ಎಳೆಯನ್ನು ಹಾಸಿ, ಬೆಳಕಿಗೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದರು.

"ಹಾಜೆರ್, ಬಾ ಇಲ್ಲಿ. ಇದ್ಯಾವ ಬಣ್ಣ?"

"ಒಂಥರಾ ಹಳದಿಹಳದಿ ಅಲ್ವೇನ್ರೀ" ಎಂದೆ.

"ಇಷ್ಟು ವರ್ಷ ನನ್ನ ಹಂಡೆಗೆ ಸೌದೆ ಹಾಕಿದೀಯ. ಸರಿಯಾಗಿ ನೋಡಿ ಹೇಳು."

"ಹಳದಿ" ಎಂದೆ.

"ಹಾಂ, ಹಂಗನ್ನು" ಎಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡರು. "ಆಸ್ಪತ್ರೆ ಬೆಂಚಿನ ಮೇಲೇ ಗೊತ್ತಾಯ್ತು ಕಣೇ. ಹಾನಿಫೆ ಬಾಯಲ್ಲಿ ಪಿತ್ತ ಅಂತಿದ್ಲು, ಕಣ್ಣಲ್ಲಿ ನೀರು. ನೀನು ಒಳಗಿದ್ರೂ ಡಾಕ್ಟರ ಮಾತು ನಿನ್ನ ತಲೆಗೆ ಹೋಗಿರಲ್ಲ ಅಂದ್ಕೊಂಡೆ. ನೀನಾದ್ರೂ ನಿದ್ದೆ ಮಾಡ್ಲಿ ಅಂತ ಸುಮ್ನಿದ್ದೆ."

"ಮತ್ತೆ ಕನ್ನಡಿ? ಬಚ್ಚಿಟ್ಟಿದ್ದು ನಾನೇ ಅಲ್ವೇನ್ರೀ?"

"ಅದೂ ಹಾನಿಫೆ ಕೆಲಸ ಅಂದ್ಕೊಂಡೆ. ನಿಂಗೆ ಇಷ್ಟು ಕಳ್ಳತನ ಬರುತ್ತೆ ಅಂತ ಗೊತ್ತಿರ್ಲಿಲ್ಲ."

ಅವರು ನಗುತ್ತಿದ್ದರು, ನಾನು ಅತ್ತೆ. ಬಾಲ ಹಚ್ಚದೆ ಬರೆಯುವುದಾದರೆ, ಬಹಳ ಅತ್ತೆ. ಆಮೇಲೆ ಇಬ್ಬರೂ ಕೂತು ದಾಳಿಂಬೆ ತಿಂದೆವು. ಹಣ್ಣು ಸಿಹಿಯಾಗಿತ್ತು.

ತಿಂದಾದ ಮೇಲೆ ನೂಲಿನ ತುಂಡುಗಳ ಬುಟ್ಟಿ ತರಿಸಿಕೊಂಡರು. ಬಹಳ ಹೊತ್ತು ಹುಡುಕಿ, ಒಂದೊಂದನ್ನೇ ಮಣಿಕಟ್ಟಿಗೆ ಹಿಡಿದು ನೋಡಿ, ಕೊನೆಗೆ ಒಂದು ಎಳೆಯನ್ನು ಆರಿಸಿದರು. ಅದು ಚರ್ಮದ ಮೇಲೆ ಇದೆಯೋ ಇಲ್ಲವೋ ತಿಳಿಯದಷ್ಟು ಹೊಂದಿತ್ತು. ಅದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. "ಮಗಳಿಗೆ ಹಂಗಿದೀನಿ ಹಿಂಗಿದೀನಿ ಅಂತ ಬರೀಬೇಡ. ಬಣ್ಣಾನೇ ಕಳ್ಸು, ಅವಳಿಗೆ ಓದೋಕೆ ಬರುತ್ತೆ" ಎಂದರು.

ಇನ್ನೊಂದು ಮಾತನ್ನೂ ಹೇಳಿದರು. "ಮಕ್ಕಳ ಪಾಠ ಬಿಟ್ಟು ಓಡಿಬರ್ಬೇಡ ಅನ್ನು. ಫೆಬ್ರವರಿ ರಜೆಗೆ ಬಂದ್ರೆ ಸಾಕು. ಅಲ್ಲೀವರ್ಗೂ ಈ ಬಣ್ಣ ಕದಲಲ್ಲ, ಪಟಿಕ ಚೆನ್ನಾಗಿ ಹಿಡಿದಿದೆ." ನೂಲಿಗೆ ಬಣ್ಣ ಕಚ್ಚಲು ಹಾಕುವ ಪಟಿಕದ ಮಾತನ್ನು ತಮ್ಮ ಮೈಗೂ ಆಡಿ ತಾವೇ ನಕ್ಕರು. ಅವರ ಮಾತನ್ನು ಇದ್ದ ಹಾಗೆ ಬರೆದಿದ್ದೇನೆ. ರಜೆಗೆ ಬಾ. ಬರುವಾಗ ಅವರಿಗೊಂದು ದಪ್ಪ ಬನಿಯನ್ ತಾ, ಮೈಯಲ್ಲಿ ಮಾಂಸವಿಲ್ಲ, ಚಳಿ ತಡೆಯುವುದಿಲ್ಲ.

ನಿನ್ನನ್ನು ದೇವರ ಕೈಗೆ ಒಪ್ಪಿಸಿ ಕೂತಿರುವ
ನಿನ್ನ ಅಮ್ಮ,
ಹಾಜೆರ್

ತಾ.ಕ.: ಅಂಚೆಯವನು ಸಂತೆಯ ದಿನ ಮಾತ್ರ ಬರುವುದರಿಂದ ಈ ಕಾಗದ ಗೂಡಿನಲ್ಲೇ ಉಳಿದಿತ್ತು. ಇವತ್ತು ಬೆಳಿಗ್ಗೆ ಲಕೋಟೆ ಅಂಟಿಸುವ ಮುಂಚೆ, ಅವರು ಮಲಗಿದ್ದಾಗ, ಎಳೆಯನ್ನು ತೆಗೆದು ಮತ್ತೆ ಅವರ ಮಣಿಕಟ್ಟಿನ ಮೇಲಿಟ್ಟು ನೋಡಿದೆ. ಹೊಂದಲಿಲ್ಲ. ಅವರ ಕೈಯ ಮುಂದೆ ಎಳೆ ಪೇಲವವಾಗಿ ಕಾಣುತ್ತದೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ಎದುರುಮನೆಯ ತಹ್ಸಿನ್ ರತ್ನಗಂಬಳಿಗಳನ್ನು ವ್ಯಾನಿಗೆ ಹೇರಿಕೊಂಡು ಬುರ್ಸಾಕ್ಕೆ ಹೊರಟಿದ್ದಾನೆ. ಶಾಲೆಗೇ ಬಂದು ನಿನ್ನ ಕೈಗೆ ಕೊಡುತ್ತಾನೆ. ವಾಪಸು ಬರುವಾಗ ಅವನ ಪಕ್ಕದ ಸೀಟು ನಿನಗೆ ಎಂದು ಹೇಳಿದ್ದೇನೆ. ಬನಿಯನ್ ಕೊಳ್ಳಲು ನಿಲ್ಲಬೇಡ.