ರುದ್ರಕ್ಕನ ಶಬ್ದಗಳ ವಹಿ

ನಿಗಡಿ, ಪುಣೆ
೨೦ ನವೆಂಬರ್ ೨೦೨೪

ಪ್ರೀತಿಯ ಲೀಲಾ,

ನಿನ್ನ ಶಿವಕಾಂತಾಳ ನೆನಪುಗಳು. ನಾವಿಲ್ಲಿ ಕ್ಷೇಮ ಎಂದು ಬರೆಯಲು ಹೋದರೆ ಪೆನ್ನು ಮುಂದೆ ಸಾಗಲಿಲ್ಲ, ಅದಕ್ಕೇ ಬಿಟ್ಟಿದ್ದೇನೆ. ನೀನು ಚೆನ್ನಾಗಿದ್ದರೆ ಸಾಕು. ಎರಡು ತಿಂಗಳು ತಡ ಮಾಡಿದೆ, ಬೈದುಕೋ. ನಾಲ್ಕು ಸಲ ಫೋನು ಎತ್ತಿಕೊಂಡೆ, ನಾಲ್ಕು ಸಲವೂ ಕೆಳಗಿಟ್ಟೆ. ಮೂವತ್ತು ವರ್ಷ ಮಕ್ಕಳ ಮುಂದೆ ಬಡಬಡಿಸಿದ ಈ ಬಾಯಿ ಈಗ ಕೈಕೊಟ್ಟಿದೆ.

ನಿನ್ನಕ್ಕ ರುದ್ರಕ್ಕನ ದಿವಸದ ಕಾರ್ಯ ಮುಗಿಸಿಕೊಂಡು ನೀನು ಬೈಲಹೊಂಗಲಕ್ಕೆ ಹೊರಟಾಗ, ನಮ್ಮ ಸೊಸೈಟಿಯ ಗೇಟಿನಲ್ಲಿ ನನ್ನ ಕೈ ಹಿಡಿದು ಕೇಳಿದೆಯಲ್ಲ, "ಕಡೀತನಕಾ ಒಮ್ಮೆರ ನನ್ನ ನೆನಸಿದ್ಲೇನ ಶಿವಾ?" ಅಂತ. ನಾನು ರಿಕ್ಷಾ ಬಂತು ಎಂದು ನಿನ್ನ ಚೀಲ ಎತ್ತಿಕೊಟ್ಟೆ. ಆ ಪ್ರಶ್ನೆಗೆ ಉತ್ತರ ಹೇಳಲೆಂದೇ ಇವತ್ತು ಕೂತಿದ್ದೇನೆ.

ನಿಮ್ಮಿಬ್ಬರ ಮುನಿಸು ನನಗೇನು ಹೊಸದಲ್ಲ. ನಿನ್ನ ಮಗಳ ಮದುವೆಯ ಅರಿಷಿಣದ ದಿನ, ಗಂಡನಿಲ್ಲದವಳೆಂದು ನಿನ್ನ ಅತ್ತೆ ರುದ್ರಕ್ಕನನ್ನು ಪಕ್ಕಕ್ಕೆ ಸರಿಸಿದರು. ನೀನು ತುಟಿ ಬಿಚ್ಚಲಿಲ್ಲ. ಅಲ್ಲಿಂದ ಎಂಟು ವರ್ಷ ಮಾತಿಲ್ಲ, ಕತೆಯಿಲ್ಲ. ಇಬ್ಬರೂ ಒಂದೇ ಹೊಟ್ಟೆಯ ಹಟಮಾರಿಗಳು.

ನಾನು ಬುಧವಾರ ಮಧ್ಯಾಹ್ನ ನಮ್ಮ ಕಡೆಯ ನಾಲ್ಕು ಜನ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದುದು ನಿನಗೆ ಗೊತ್ತಿಲ್ಲ. ವಾರಕ್ಕೊಂದು ಅಕ್ಷರಗಳ ಗುಂಪು; ಆ ಅಕ್ಷರಗಳಿರುವ ಹತ್ತು ಶಬ್ದ; ಎದುರಿಗೆ ಕನ್ನಡದಲ್ಲಿ ಅರ್ಥ. ಮೊಮ್ಮಗಳು ಪ್ರಾಚಿ ಏನು ಮಾತಾಡುತ್ತಾಳೋ ತಿಳಿಯಬೇಕೆಂದು ರುದ್ರಕ್ಕ ಎಲ್ಲರಿಗಿಂತ ಮೊದಲೇ ವಹಿ ಹಿಡಿದು ಬಂದು ಕೂರುತ್ತಿದ್ದಳು. ನನಗಿಂತ ದೊಡ್ಡವಳಾದರೂ ಪಾಠದ ಹೊತ್ತಿನಲ್ಲಿ ಶಾಲೆಯ ಟೀಚರನ್ನು ಕರೆದ ಹಾಗೆ ನನ್ನನ್ನು ಅಕ್ಕೋರೇ ಎಂದು ಕರೆದು ಕಾಡುವುದು ಬೇರೆ! ಒಂದು ವಾರ ಕೆ ಮತ್ತು ಎನ್ ಜೋಡಿ ಇತ್ತು: ನೈಫ್ ಅಂದರೆ ಚಾಕು, ನೀ ಅಂದರೆ ಮೊಣಕಾಲು, ನಾಟ್ ಅಂದರೆ ಗಂಟು. ಕೆ ಬರೆಯಬೇಕು, ಆದರೆ ಉಚ್ಚರಿಸಬಾರದು ಎಂದೆ. ಅವಳು, "ಹಂಗಾರ ಈ ಕೆ ನಮ್ಮಂಥಾ ರಂಡಿ ಮುಂಡಿ ಇದ್ದಂಗ ನೋಡ್ರಿ ಅಕ್ಕೋರ. ಮುಂದ ಕುಂತಿರತದ, ಯಾರೂ ಹೆಸರ ತಗೊಳ್ಳೂದಿಲ್ಲ" ಅಂದಳು. ಎಲ್ಲರೂ ನಕ್ಕರು. ನನಗೆ ನಿಮ್ಮ ಮನೆಯ ಅರಿಷಿಣ ನೆನಪಾಯಿತು.

ಆಷಾಢದಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಹಾಳಾದ್ದು, ಪರೀಕ್ಷೆಗಳ ಮೇಲೆ ಪರೀಕ್ಷೆ. ಒಂದು ಸಂಜೆ ಅವಳ ಮಗ ರಾಜೀವ ಚಾಕಣದ ಕಾರ್ಖಾನೆಯಿಂದ ನೆಟ್ಟಗೆ ನಮ್ಮ ಮನೆಗೇ ಬಂದ. "ಮಾವಶಿ, ಕ್ಯಾನ್ಸರ್ ಅದ. ಮೂರ ತಿಂಗಳ ಅಂದಾರ ಡಾಕ್ಟರು. ಅವ್ವಗ ಹೇಳಬ್ಯಾಡ್ರಿ, ಎದಿ ಒಡಕೋತಾಳ. ಕೇಳಿದ್ರ ಸಾದಾ ಗಂಟು ಅನ್ರಿ" ಎಂದು ಕೈ ಮುಗಿದ. ಲೀಲಾಗಾದರೂ ತಿಳಿಸು ಎಂದೆ. "ಬ್ಯಾಡ್ರಿ. ಎಂಟ ವರ್ಷ ಬರಲಾರದಾಕಿ ಒಮ್ಮೆಲೆ ಬಂದ ನಿಂತ್ರ ಅವ್ವಗ ತಿಳಿಯೂದಿಲ್ಲೇನ್ರಿ?" ಅಂದ. ನಾನು ಒಪ್ಪಿದೆ. ನಮ್ಮ ಮನೆಗಳಲ್ಲಿ ಇದೇ ರೂಢಿಯಲ್ಲವೇ? ನಮ್ಮಪ್ಪನಿಗೆ ಅಲ್ಸರ್ ಎಂದಿದ್ದೆವು, ನಿಮ್ಮವ್ವನಿಗೆ ಉಷ್ಣ ಎಂದಿದ್ದಿರಿ. ಉಳಿದವರೆಲ್ಲ ಅಡುಗೆಮನೆಯಲ್ಲಿ ಅತ್ತು, ಮುಖ ತೊಳೆದುಕೊಂಡು ಹೊರಗೆ ಬರುವುದು.

ಆ ವಾರದ ಪಟ್ಟಿ ಮಾತ್ರ ನನ್ನ ಹಣೆಬರಹ. ಕೊನೆಗೆ ಓ, ಎಮ್, ಎ ಬರುವ ಶಬ್ದಗಳು. ಅರೋಮಾ ಅಂದರೆ ಘಮ, ಡಿಪ್ಲೋಮಾ, ಕೋಮಾ. ಮುಂದಿನ ಬುಧವಾರ ರುದ್ರಕ್ಕ ಅರ್ಧ ಗಂಟೆ ಮೊದಲೇ ಬಂದಳು. ವಹಿಯ ಕೊನೆಯ ಪುಟದಲ್ಲಿ, ತನ್ನ ಆಸ್ಪತ್ರೆಯ ಫೈಲು ನೋಡಿ ಒಂದು ಶಬ್ದವನ್ನು ದಪ್ಪ ದಪ್ಪ ಅಕ್ಷರದಲ್ಲಿ ಇಳಿಸಿಕೊಂಡಿದ್ದಳು. ಕಾರ್ಸಿನೋಮಾ. ಕ್ಯಾನ್ಸರಿಗೆ ಡಾಕ್ಟರು ಬರೆಯುವ ಹೆಸರು.

"ಕಡೀ ಮೂರೂ ಅವ ಅಕ್ಷರ ಅದಾವ ನೋಡ್ರಿ ಅಕ್ಕೋರ. ನಿಮ್ಮ ಪಟ್ಟ್ಯಾಗ ಇದನ್ಯಾಕ ಬಿಟ್ರಿ? ಏನಿದರ ಅರ್ಥ?"

"ಸಾದಾ ಗಂಟು ಅಕ್ಕಾ. ಔಷಧಕ್ಕ ಕರಗತದ" ಎಂದೆ. ತಪ್ಪು ಅರ್ಥ ಬರೆದ ಮಕ್ಕಳ ಅಂಗೈಗೆ ಛಡಿ ಏಟು ಕೊಟ್ಟವಳು ನಾನು.

ಗಣಪತಿ ಕಳಿಸಿದ ಮೂರನೆಯ ದಿನ ಅವಳು ಹೋದಳು. ಡಾಕ್ಟರು ಹೇಳಿದ ಮೂರು ತಿಂಗಳೂ ತುಂಬಲಿಲ್ಲ. ನೀನು ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ನಿನಗೆ ರೋಗದ ಸುದ್ದಿ ಮುಚ್ಚಿಟ್ಟಿದ್ದಕ್ಕೆ ನನ್ನನ್ನು ಕ್ಷಮಿಸು, ರಾಜೀವನನ್ನೂ ಕ್ಷಮಿಸು. ಅವನು ಅವ್ವನ ಮೇಲಿನ ಜೀವದಿಂದ ಮಾಡಿದ. ಬುಧವಾರದ ಪಾಠ ನಿಲ್ಲಿಸಿಬಿಟ್ಟಿದ್ದೇನೆ. ಯಾಕೆಂದು ಹೆಂಗಸರು ಕೇಳುತ್ತಾರೆ, ಮೊಣಕಾಲು ನೋವು ಎನ್ನುತ್ತೇನೆ.

ಥಂಡಿ ಬಿದ್ದಿದೆ, ಕಿವಿಗೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಅವರ ಮನೆ ತುಂಬಿರಲಿ.

ನಿನ್ನ,
ಶಿವಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಉತ್ತರ ಹೇಳುತ್ತೇನೆಂದು ಕೂತು ಇಷ್ಟುದ್ದ ಬರೆದರೂ ಉತ್ತರವನ್ನೇ ನುಂಗಿಕೊಂಡಿದ್ದೆ. ಹೇಡಿ ನಾನು. ಅರ್ಥ ಕೇಳಿದ ಮೇಲೆ ರುದ್ರಕ್ಕ ಸುಮ್ಮನೆ ಕೂತಿರಲಿಲ್ಲ. ನನ್ನ ಮೊಣಕೈ ಹಿಡಿದು ಅಂದಳು, "ಖರೇ ಹೇಳ ಶಿವಾ. ಕೆಟ್ಟ ರೋಗ ಇದ್ರ ನಾಳೆನ ಬೆಳಗಾವಿ ಬಸ್ ಹತ್ತತೀನಿ. ಲೀಲಾನ ಬಾಗಲದಾಗ ಹೋಗಿ ನಿಂದರತೀನಿ, ನಂದೇನ ಸಿಟ್ಟಿಲ್ಲ ಅಂತೀನಿ. ಸಾದಾ ಇದ್ರ ಮಾತ್ರ ಆಕೀನ ಬರಲಿ, ನಾ ದೊಡ್ಡಾಕಿ." ಅದನ್ನು ಕೇಳಿದ ಮೇಲೆ ನಾನು ಸಾದಾ ಗಂಟು ಎಂದೆ ಲೀಲಾ. ಕೇಳುವ ಮೊದಲಲ್ಲ. ಅವಳು ನಗುತ್ತ, "ಹಂಗಾರ ಬರ್ತಾಳ ಬಿಡು, ದೀವಳಿಗಿಗೆ" ಎಂದು ಆ ಶಬ್ದದ ಎದುರಿಗೆ ನಾನು ಹೇಳಿದ್ದನ್ನೇ ಬರೆದುಕೊಂಡಳು. ಅವಳ ಸೊಸೆ ಅನುಜಾ ಆ ವಹಿಯನ್ನು ನನಗೆ ಕೊಟ್ಟಿದ್ದಳು. ಈ ಪತ್ರದ ಜೊತೆ ಕಳಿಸುತ್ತಿದ್ದೇನೆ, ಅದು ನಿನ್ನದು. ನೆನೆಸಿದಳೇ ಎಂದು ಕೇಳಿದೆಯಲ್ಲ. ನಿನ್ನ ಹತ್ತಿರ ಬರಲು ಹೊರಟೇ ಇದ್ದಳು. ತಡೆದು ಕೂರಿಸಿದವಳು ನಾನು.